ನ್ಯಾನೋಸೆಕೆಂಡಿನ ಪ್ರಯೋಗದಿಂದ ಗುರು ಗ್ರಹದ ಒಳಗು ಗೊತ್ತಾಗುವುದು ಹೇಗೆ?

ಸಂಜೆತಾರೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಗ್ರಹಗಳ ಪಾಠ ನಡೆಯುತ್ತಿತ್ತು. ಗುರು ಗ್ರಹದ ಒಳಗೆ ಹೈಡ್ರೋಜನ್ ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ, ಇದನ್ನು ಪ್ರಯೋಗಾಲಯದಲ್ಲೇ ಮಾಡಿ ನೋಡಿದ್ದಾರೆ ಎಂದು ಹೇಳಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಎಷ್ಟು ದೊಡ್ಡದು ಮಾಡಿದರು ಮಿಸ್? ಎಷ್ಟು ಹೊತ್ತು ಇತ್ತು?"

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಕೆಲವು ಪ್ರಯೋಗಗಳಲ್ಲಿ ಸ್ಯಾಂಪಲ್ ಕೂದಲಿನ ದಪ್ಪಕ್ಕಿಂತ ಚಿಕ್ಕದು. ಇನ್ನು ಕೆಲವು ಪ್ರಯೋಗಗಳು ಕೆಲವೇ ನ್ಯಾನೋಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಮರುದಿನ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದಳು: "ಗುರು ಗ್ರಹ 450 ಕೋಟಿ ವರ್ಷದಿಂದ ಇದೆ. ಅದರೊಳಗೆ ಸಾವಿರಕ್ಕೂ ಜಾಸ್ತಿ ಭೂಮಿ ಹಿಡಿಸುತ್ತವೆ. ಒಂದು ಚೂರು, ಒಂದು ಕ್ಷಣ ಇದ್ದದ್ದು ಗುರು ಗ್ರಹದ ಒಳಗು ಹೇಗಾಗುತ್ತದೆ?"

ಅವಳು ತಪ್ಪು ಹುಡುಕಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕು. ಈಗ ನನಗೂ ತಿಳಿಯಬೇಕು. ಈ ಕೆಲಸ ಹತ್ತಿರದಿಂದ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ವಜ್ರಮೊನೆ ಬರೆದ ಉತ್ತರ

ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಇಡೀ ಕೆಲಸದ ನಡುಮಧ್ಯದ ಪ್ರಶ್ನೆ. ನಾನು ಏಳು ವರ್ಷ ಎರಡು ವಜ್ರಗಳ ನಡುವೆ ಹೈಡ್ರೋಜನ್ ಇಟ್ಟು ಒತ್ತುವ ಕೆಲಸ ಮಾಡಿದ್ದೇನೆ. ಈಗ ಬೇರೆ ಕೆಲಸದಲ್ಲಿದ್ದೇನೆ, ಆದರೆ ಅದರ ಮೇಲಿನ ಪ್ರೀತಿ ಹೋಗಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಲ್ಯಾಬಿನಲ್ಲಿ ಯಾರೂ ಗುರು ಗ್ರಹವನ್ನು ಮಾಡುವುದಿಲ್ಲ. ಆ ಗ್ರಹದೊಳಗಿನ ಒಂದು ಆಳದಲ್ಲಿ ಎಷ್ಟು ಒತ್ತಡ, ಎಷ್ಟು ಬಿಸಿ ಇದೆಯೋ ಅಷ್ಟನ್ನು ಒಂದು ಚೂರು ವಸ್ತುವಿಗೆ ಕೊಡುತ್ತಾರೆ. ಆಮೇಲೆ ಅದನ್ನು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ವಿದ್ಯುತ್ ಹರಿಯುತ್ತದಾ? ಎಷ್ಟು ಸಾಂದ್ರವಾಗಿದೆ? ಗಟ್ಟಿಯಾಗಿದೆಯಾ, ಕರಗಿದೆಯಾ? ಅಷ್ಟೇ.

ಮೊದಲು ಗಾತ್ರದ ವಿಷಯ. ಪರಮಾಣುವಿಗೆ ತನ್ನ ಅಕ್ಕಪಕ್ಕದ ಪರಮಾಣುಗಳು ಮಾತ್ರ ಗೊತ್ತು. ಸ್ವಲ್ಪ ದೂರದಲ್ಲಿ ಇನ್ನೂ ಸಾವಿರಾರು ಕಿಲೋಮೀಟರ್ ಹೈಡ್ರೋಜನ್ ಇದೆಯೋ, ವಜ್ರದ ಗೋಡೆ ಇದೆಯೋ ಅದಕ್ಕೆ ತಿಳಿಯುವುದಿಲ್ಲ. ಮೇಲಿನಿಂದ ಒತ್ತುತ್ತಿರುವುದು ಗ್ರಹದ ತೂಕವೋ, ನಾನು ತಿರುಗಿಸಿದ ಸ್ಕ್ರೂವೋ, ಅದೂ ತಿಳಿಯುವುದಿಲ್ಲ. ನಮ್ಮ ಸ್ಯಾಂಪಲ್ ಹತ್ತು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಗಲ, ಒಂದೆರಡು ಮೈಕ್ರಾನ್ ದಪ್ಪ ಇದ್ದರೂ ಅದರಲ್ಲಿ ಕೋಟಿ ಕೋಟಿ ಲೆಕ್ಕದಲ್ಲಿ ಪರಮಾಣುಗಳಿರುತ್ತವೆ. ಅವುಗಳ ಗುಂಪಿನ ಗುಣ ನೋಡಲು ಅಷ್ಟು ಧಾರಾಳವಾಗಿ ಸಾಕು.

ಇನ್ನು ಹೊತ್ತಿನ ವಿಷಯ. ಇದನ್ನು ಅವಳಿಗೆ ಲೆಕ್ಕ ಮಾಡಿ ತೋರಿಸಿ. ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣುಗಳು ಸ್ಪ್ರಿಂಗ್ ಕಟ್ಟಿದ ಹಾಗೆ ಹತ್ತಿರ ಬಂದು ದೂರ ಹೋಗುತ್ತಿರುತ್ತವೆ. ಒಂದು ಸಲ ಹಾಗೆ ಅಲುಗಲು ಸುಮಾರು 8 ಫೆಮ್ಟೋಸೆಕೆಂಡ್ ಬೇಕು. ಒಂದು ನ್ಯಾನೋಸೆಕೆಂಡಿನಲ್ಲಿ ಹತ್ತು ಲಕ್ಷ ಫೆಮ್ಟೋಸೆಕೆಂಡ್ ಇವೆ. ಅಂದರೆ ನಮಗೆ ಕಣ್ಣು ಮಿಟುಕಿಸಲೂ ಸಾಲದ ಆ ಹೊತ್ತಿನಲ್ಲಿ ಪರಮಾಣುಗಳು ಒಂದು ಲಕ್ಷಕ್ಕೂ ಜಾಸ್ತಿ ಸಲ ಅಲುಗಿರುತ್ತವೆ, ಪಕ್ಕದವಕ್ಕೆ ಡಿಕ್ಕಿ ಹೊಡೆದಿರುತ್ತವೆ, ಶಕ್ತಿ ಹಂಚಿಕೊಂಡಿರುತ್ತವೆ. ಎಲೆಕ್ಟ್ರಾನುಗಳು ಅದಕ್ಕಿಂತಲೂ ಬೇಗ. ಲೋಹವಾಗುವುದು ಎಂದರೆ ಎಲೆಕ್ಟ್ರಾನುಗಳು ಬಿಡುಗಡೆಯಾಗುವುದು ಅಲ್ವಾ? ಆ ಪ್ರಶ್ನೆಗೆ ನ್ಯಾನೋಸೆಕೆಂಡ್ ಬಹಳ ದೀರ್ಘ ಕಾಲ.

ಎಲ್ಲ ಪ್ರಶ್ನೆಗೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಾಡುತ್ತಿದ್ದ ಕೆಲಸ ಇದಕ್ಕೆ ವಿರುದ್ಧ, ನಿಧಾನದ್ದು. ಡೈಮಂಡ್ ಆನ್ವಿಲ್ ಸೆಲ್ ಎನ್ನುವ ಉಪಕರಣ 1958ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಹುಟ್ಟಿದ್ದು. ಅಂಗೈಯಲ್ಲಿ ಹಿಡಿಸುತ್ತದೆ. ಎರಡು ವಜ್ರಗಳ ಮೊನೆಗಳನ್ನು ಚಪ್ಪಟೆಯಾಗಿ ಕತ್ತರಿಸಿ ಎದುರುಬದುರು ಇಡುತ್ತಾರೆ. ಮೊನೆಯ ಅಗಲ 100 ಮೈಕ್ರಾನ್ ಇದ್ದರೆ ಅದರ ಮೇಲೆ ಸುಮಾರು 80 ಕಿಲೋ ಭಾರ ಹೇರಿದರೆ ಸಾಕು, ನಾವು ಉಸಿರಾಡುವ ಗಾಳಿಯ ಒತ್ತಡದ ಹತ್ತು ಲಕ್ಷ ಪಟ್ಟು ಬರುತ್ತದೆ. ನಂಬಿಕೆ ಬರದಿದ್ದರೆ ಮಕ್ಕಳಿಂದಲೇ ಭಾಗಾಕಾರ ಮಾಡಿಸಿ. ಒಬ್ಬ ಮನುಷ್ಯನ ತೂಕ, ಕೂದಲಿನಷ್ಟು ಅಗಲದ ಜಾಗ. ನನಗೆ ಈ ಲೆಕ್ಕ ಇವತ್ತಿಗೂ ರೋಮಾಂಚನ ತರುತ್ತದೆ.

ವಜ್ರಗಳ ನಡುವೆ ರೀನಿಯಂ ಲೋಹದ ತೆಳು ಹಾಳೆ ಇರುತ್ತದೆ. ಅದು ಗ್ಯಾಸ್ಕೆಟ್. ಅದರಲ್ಲಿ ಲೇಸರ್‌ನಿಂದ ಪುಟ್ಟ ತೂತು ಕೊರೆದು, ಮೈಕ್ರೋಸ್ಕೋಪ್ ಕೆಳಗೆ ಸೂಜಿಯ ತುದಿಯಿಂದ ಒಂದು ಮಾಣಿಕ್ಯದ ಕಣ ಇಡಬೇಕು. ಕೆಲವೇ ಮೈಕ್ರಾನ್ ಗಾತ್ರದ್ದು. ಉಸಿರು ಬಿಗಿಹಿಡಿದೇ ಇಡಬೇಕು. ಒತ್ತಡ ಹೆಚ್ಚಿದ ಹಾಗೆ ಮಾಣಿಕ್ಯ ಹೊಳೆಯುವ ಕೆಂಪು ಬೆಳಕಿನ ತರಂಗಾಂತರ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಅದನ್ನು ಅಳೆದರೆ ಒಳಗಿನ ಒತ್ತಡ ಗೊತ್ತಾಗುತ್ತದೆ. ತುಂಬಾ ಮೇಲಿನ ಒತ್ತಡದಲ್ಲಿ ವಜ್ರದ ಮೊನೆಯ ರಾಮನ್ ಬೆಳಕನ್ನೇ ಅಳತೆಗೋಲು ಮಾಡಿಕೊಳ್ಳುತ್ತೇವೆ. ನಮ್ಮ ಸಿ. ವಿ. ರಾಮನ್ ಕಂಡ ಅದೇ ಚದುರುವಿಕೆ.

ಹೈಡ್ರೋಜನ್ ಮಾತ್ರ ಬಹಳ ಕಾಡಿಸುತ್ತದೆ. ಅದು ಬಹಳ ಚಿಕ್ಕ ಪರಮಾಣು. ಗ್ಯಾಸ್ಕೆಟ್‌ಗೂ ನುಗ್ಗುತ್ತದೆ, ವಜ್ರದ ಮೈಯೊಳಗೂ ನುಗ್ಗುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿಂದಲೇ ಸೀಳಿಕೊಂಡು ಹೋಗುತ್ತದೆ. ಒಂದು ಸೆಲ್ ನನಗೆ ಇನ್ನೂ ನೆನಪಿದೆ. ಆರು ವಾರ ತಯಾರಿ ಮಾಡಿದ್ದೆ. ದಿನಕ್ಕೆ ಎರಡೋ ಮೂರೋ ಸಲ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಒತ್ತಡ ನಿಲ್ಲುವ ತನಕ ಕಾದು, ಮತ್ತೆ ಅಳೆದು ಬರೆದುಕೊಳ್ಳುತ್ತಿದ್ದೆ. 18 ಲಕ್ಷ ಪಟ್ಟು ದಾಟಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಲೇಸರ್ ಸರಿಮಾಡುತ್ತಿದ್ದಾಗ "ಟಿಕ್" ಎಂದು ಸಣ್ಣ ಸದ್ದು ಕೇಳಿತು. ಗಡಿಯಾರದ ಮುಳ್ಳು ಒಮ್ಮೆ ಸರಿದ ಹಾಗೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ವಜ್ರದ ಜಾಗದಲ್ಲಿ ಬೂದು ಪುಡಿ. ಹೈಡ್ರೋಜನ್ ಯಾವತ್ತೋ ಗಾಳಿಗೆ ಸೇರಿಹೋಗಿತ್ತು. ಅವತ್ತು ನಾನು ಅಲ್ಲೇ ಕೂತು ಅತ್ತಿದ್ದೇನೆ. ಆದರೂ ಅಷ್ಟು ಹೊತ್ತಿಗೆ ಬರೆದುಕೊಂಡಿದ್ದ ಅಂಕಿಗಳು ಉಳಿದವು, ಅವು ಕೆಲಸಕ್ಕೂ ಬಂದವು.

ಇಷ್ಟೆಲ್ಲ ಮಾಡಿದರೂ ಸೆಲ್‌ಗೆ ಒಂದು ಮಿತಿ ಇದೆ. ಭೂಮಿಯ ನಡುಗರ್ಭದ ಒತ್ತಡ ಸುಮಾರು 36 ಲಕ್ಷ ಪಟ್ಟು. ಒಳ್ಳೆಯ ಸೆಲ್ ಅಲ್ಲಿಗೆ ಮುಟ್ಟುತ್ತದೆ, ಸ್ವಲ್ಪ ದಾಟುತ್ತದೆ. ಗುರು ಗ್ರಹದ ನಡುವಿನಲ್ಲಿ ಅದು ನಾಲ್ಕು ಕೋಟಿ ಪಟ್ಟಿಗೂ ಜಾಸ್ತಿ ಎಂದು ಲೆಕ್ಕ, ಬಿಸಿ ಸುಮಾರು 20,000 ಡಿಗ್ರಿ. ಅಲ್ಲಿಗೆ ಯಾವ ವಜ್ರವೂ ಸ್ಕ್ರೂ ತಿರುಗಿಸಿ ತಲುಪಿಸುವುದಿಲ್ಲ. ಅಲ್ಲಿಂದ ಮುಂದೆ ಲೇಸರ್‌ನವರ ರಾಜ್ಯ. ಅದನ್ನು ಅವರೇ ಹೇಳಿದರೆ ಚೆನ್ನ.

ಬೆಳಕಿನಬಾಣ ಬರೆದ ಉತ್ತರ

ಕರೆದಿದ್ದಕ್ಕೆ ಥ್ಯಾಂಕ್ಸ್. ನಾನು ಶಾಟ್‌ಗಳ, ಅಂದರೆ ಒಂದೊಂದು ಸಲ ಲೇಸರ್ ಹೊಡೆದು ಮಾಡುವ ಪ್ರಯೋಗಗಳ, ಡೇಟಾ ಬಿಡಿಸುವ ಕಡೆಯವನು.

ಲೇಸರ್ ಒತ್ತುವುದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಳಕಿನ ತಳ್ಳುವ ಶಕ್ತಿ ಇಲ್ಲಿ ಲೆಕ್ಕಕ್ಕೇ ಇಲ್ಲ. ಲೇಸರ್ ತಗುಲಿದ ಮೇಲ್ಪದರ ಕ್ಷಣದಲ್ಲಿ ಆವಿಯಾಗಿ ಹಿಂದಕ್ಕೆ ಚಿಮ್ಮುತ್ತದೆ. ರಾಕೆಟ್ ಹೊಗೆ ಕೆಳಕ್ಕೆ ಹೋದರೆ ರಾಕೆಟ್ ಮೇಲಕ್ಕೆ ಹೋಗುತ್ತದಲ್ಲ, ಹಾಗೆ ಉಳಿದ ಪದರ ಮುಂದಕ್ಕೆ ನುಗ್ಗುತ್ತದೆ. ಅದರಿಂದ ಒಂದು ಆಘಾತ ತರಂಗ ಸ್ಯಾಂಪಲ್ಲಿನೊಳಗೆ ಓಡುತ್ತದೆ. ಆ ತರಂಗದ ವೇಗ, ಅದರ ಹಿಂದೆ ವಸ್ತು ಸರಿಯುವ ವೇಗ, ಇವೆರಡು ಗೊತ್ತಾದರೆ ಒತ್ತಡವನ್ನೂ ಸಾಂದ್ರತೆಯನ್ನೂ ಲೆಕ್ಕ ಹಾಕಬಹುದು. ಬೇಕಾಗುವುದು ನೀವು ತರಗತಿಯಲ್ಲಿ ಕಲಿಸುವ ದ್ರವ್ಯರಾಶಿ ಸಂರಕ್ಷಣೆ, ಸಂವೇಗ ಸಂರಕ್ಷಣೆಯ ನಿಯಮಗಳೇ.

ಒಂದು ತೊಡಕಿದೆ. ಒಂದೇ ಪೆಟ್ಟು ಜೋರಾಗಿ ಕೊಟ್ಟರೆ ವಸ್ತು ವಿಪರೀತ ಕಾಯುತ್ತದೆ. ಹೈಡ್ರೋಜನ್ ಸುಮಾರು ನಾಲ್ಕು ಪಟ್ಟು ಸಾಂದ್ರವಾದ ಮೇಲೆ, ಎಷ್ಟು ಜೋರಾಗಿ ಹೊಡೆದರೂ ಶಕ್ತಿಯೆಲ್ಲ ಬಿಸಿಗೇ ಹೋಗುತ್ತದೆ. ಗುರು ಗ್ರಹದ ಒಳಗು ಅದಕ್ಕೆ ಹೋಲಿಸಿದರೆ ತಂಪು. ಆದ್ದರಿಂದ ಒಂದು ದೊಡ್ಡ ಪೆಟ್ಟಿನ ಬದಲು ಲೇಸರ್ ಶಕ್ತಿಯನ್ನು ಮೆಲ್ಲಗೆ ಏರಿಸುತ್ತಾ ಹೋಗುತ್ತೇವೆ. ಮೆಲ್ಲಗೆ ಎಂದರೆ ಇಪ್ಪತ್ತು ನ್ಯಾನೋಸೆಕೆಂಡ್ ಆಸುಪಾಸು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಇದೆ. ಅಲ್ಲಿ 2014ರಲ್ಲಿ ಪ್ರಕಟವಾದ ಕೆಲಸದಲ್ಲಿ ಹೀಗೆಯೇ ವಜ್ರವನ್ನು ಐದು ಕೋಟಿ ಪಟ್ಟು ಒತ್ತಡಕ್ಕೆ ಏರಿಸಿದರು. ಆಗ ಅದು ಸೀಸಕ್ಕಿಂತ ಸಾಂದ್ರವಾಗಿತ್ತು. ವಜ್ರ, ಸೀಸಕ್ಕಿಂತ ಭಾರ! ಅದು ಗುರು ಗ್ರಹದ ನಡುಗರ್ಭದ ಒತ್ತಡ.

ವಜ್ರಮೊನೆಯವರು "ಎಲ್ಲ ಪ್ರಶ್ನೆಗೂ ಅಲ್ಲ" ಎಂದರಲ್ಲ, ಅದಕ್ಕೆ ನನ್ನ ಬಳಿ ಒಂದು ಒಳ್ಳೆಯ ಉದಾಹರಣೆ ಇದೆ. ಒಂದು ಕೋಟಿ ಪಟ್ಟು ಒತ್ತಡದ ಆಸುಪಾಸಿನಲ್ಲಿ ಕಾರ್ಬನ್ ವಜ್ರದ ರಚನೆ ಬಿಟ್ಟು ಬೇರೆ ರಚನೆಗೆ ಹೋಗಬೇಕು ಎಂದು ಸಿದ್ಧಾಂತ ಹೇಳುತ್ತದೆ. ಅದೇ ಫೆಸಿಲಿಟಿಯಲ್ಲಿ ಎರಡು ಕೋಟಿ ಪಟ್ಟಿನ ತನಕ ಒತ್ತಿ ಎಕ್ಸ್‌ರೇ ಹಾಯಿಸಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ವಜ್ರ ವಜ್ರವಾಗಿಯೇ ಇತ್ತು. ಅದರ ಬಂಧಗಳು ಅಷ್ಟು ಗಟ್ಟಿ. ಮುರಿದು ಹೊಸದಾಗಿ ಜೋಡಿಸಿಕೊಳ್ಳಲು ಆ ನ್ಯಾನೋಸೆಕೆಂಡುಗಳು ಸಾಲಲಿಲ್ಲ ಎನ್ನುವುದೇ ನನಗೆ ಸರಿ ಅನಿಸುವ ವಿವರಣೆ. ನಿಮ್ಮ ಹುಡುಗಿಗೆ ಹೇಳಿ, ಅವಳ ಅನುಮಾನ ಇಲ್ಲಿ ನೂರಕ್ಕೆ ನೂರು ಸರಿ.

ಸಂಜೆತಾರೆ

ಇಬ್ಬರಿಗೂ ಹೇಗೆ ಧನ್ಯವಾದ ಹೇಳಲಿ! ಲಕ್ಷ ಸಲ ಅಲುಗುವ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿದೆ. ತರಗತಿ ಪೂರ್ತಿ ನಿಶ್ಶಬ್ದವಾಗಿತ್ತು. 80 ಕಿಲೋದ ಭಾಗಾಕಾರವನ್ನು ಅವರೇ ಮಾಡಿದರು.

ಇನ್ನೆರಡು ವಿಷಯ ಕೇಳಬೇಕು. ಲೋಹದ ಹೈಡ್ರೋಜನ್ ಬಗ್ಗೆ ಹುಡುಕಿದಾಗ ಒಂದು ಕಡೆ "ಮಾಡಿಯೇಬಿಟ್ಟರು" ಎಂದಿದೆ, ಇನ್ನೊಂದು ಕಡೆ "ಒಪ್ಪಲಾಗದು" ಎಂದಿದೆ. ಯಾವುದು ಸರಿ? ಎರಡನೆಯದು, ಲ್ಯಾಬಿನ ಈ ಅಂಕಿಗಳಿಂದ ಗ್ರಹದ ಬಗ್ಗೆ ಹೇಗೆ ಹೇಳುತ್ತಾರೆ? ನಡುವೆ ಒಂದು ಮೆಟ್ಟಿಲು ಕಾಣೆಯಾದ ಹಾಗಿದೆ.

ಗುರುತ್ವ ಬರೆದ ಉತ್ತರ

ಎರಡನೆಯದಕ್ಕೆ ನಾನು ಚಿಕ್ಕದಾಗಿ ಹೇಳುತ್ತೇನೆ. ನನ್ನ ಕೆಲಸ ಗ್ರಹಗಳ ಮಾದರಿ ಕಟ್ಟುವುದು.

ಆ ಮೆಟ್ಟಿಲಿನ ಹೆಸರು ಸ್ಥಿತಿ ಸಮೀಕರಣ. ಇಷ್ಟು ಒತ್ತಡ, ಇಷ್ಟು ಬಿಸಿ ಇದ್ದರೆ ಹೈಡ್ರೋಜನ್ ಎಷ್ಟು ಸಾಂದ್ರ ಎಂದು ಹೇಳುವ ದೊಡ್ಡ ಕೋಷ್ಟಕ ಅದು. ಲ್ಯಾಬಿನ ಪ್ರತಿ ಶಾಟ್ ಆ ಕೋಷ್ಟಕದ ಒಂದು ಮನೆಯನ್ನು ತುಂಬುತ್ತದೆ, ಇಲ್ಲವೇ ತಿದ್ದುತ್ತದೆ. ನಡುವಿನ ಮನೆಗಳನ್ನು ಕಂಪ್ಯೂಟರ್ ಲೆಕ್ಕ ತುಂಬುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಗ್ರಹವನ್ನು ಕಟ್ಟುತ್ತೇವೆ. ಕಟ್ಟಿದ ಗ್ರಹದ ತೂಕ, ಗಾತ್ರ, ಗುರುತ್ವ ಕ್ಷೇತ್ರ ನಿಜವಾದ ಗ್ರಹಕ್ಕೆ ಹೊಂದಬೇಕು. 2016ರಲ್ಲಿ ಗುರು ಗ್ರಹವನ್ನು ಸುತ್ತತೊಡಗಿದ ಜೂನೋ ನೌಕೆ ಆ ಗುರುತ್ವ ಕ್ಷೇತ್ರವನ್ನು ಬಹಳ ನಿಖರವಾಗಿ ಅಳೆದಿದೆ.

ಕೋಷ್ಟಕದಲ್ಲಿ ಸ್ವಲ್ಪ ತಪ್ಪಾದರೂ ಗ್ರಹ ಎಷ್ಟು ಬದಲಾಗುತ್ತದೆ ಗೊತ್ತಾ? 1990ರ ದಶಕದ ಕೊನೆಯಲ್ಲಿ ಲಿವರ್‌ಮೋರ್‌ನ ನೋವಾ ಲೇಸರ್‌ನಲ್ಲಿ ಡ್ಯುಟೀರಿಯಂ, ಅಂದರೆ ಭಾರದ ಹೈಡ್ರೋಜನ್, ಪೆಟ್ಟಿಗೆ ಸಿಕ್ಕಿ ಸುಮಾರು ಆರು ಪಟ್ಟು ಸಾಂದ್ರವಾಗುತ್ತದೆ ಎಂದು ಕಂಡಿತು. 2001ರಲ್ಲಿ ನ್ಯೂ ಮೆಕ್ಸಿಕೋದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿರುವ ಝಡ್ ಯಂತ್ರ, ಅಲ್ಲ, ನಾಲ್ಕು ಪಟ್ಟು ಎಂದಿತು. ಆ ಯಂತ್ರ ಕೋಟಿಗಟ್ಟಲೆ ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಹರಿಸಿ, ಕಾಂತಬಲದಿಂದ ಲೋಹದ ತಗಡನ್ನು ಚಿಮ್ಮಿಸಿ ಹೊಡೆಯುತ್ತದೆ. ಯಾವ ಕೋಷ್ಟಕ ಹಿಡಿಯುತ್ತೀರಿ ಎನ್ನುವುದರ ಮೇಲೆ ಗುರು ಗ್ರಹದ ನಡುವಿನ ತಿರುಳು ಸೊನ್ನೆಯಿಂದ ಹತ್ತು ಭೂಮಿಗಳ ತೂಕದವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು! ಮುಂದಿನ ಪ್ರಯೋಗಗಳು ನಾಲ್ಕು ಪಟ್ಟಿನ ಕಡೆಗೇ ಬಂದವು. ಈಗ ಜೂನೋ ಅಳತೆಗಳೂ ಸೇರಿದ ಮೇಲೆ, ಆ ತಿರುಳು ಒಂದು ಗಟ್ಟಿ ಗೋಲಿಯ ಹಾಗಲ್ಲ, ಮೇಲಿನ ಹೈಡ್ರೋಜನ್ ಜೊತೆ ಬೆರೆತು ಬಹಳ ದೂರ ಹರಡಿಕೊಂಡಿದೆ ಎನ್ನುವ ಮಾದರಿ ಚೆನ್ನಾಗಿ ಹೊಂದುತ್ತಿದೆ.

ಒಂದು ಸ್ಯಾಂಪಲ್ಲಿನ ಅಳತೆ ತಪ್ಪಿದರೆ ಹತ್ತು ಭೂಮಿಯಷ್ಟು ವ್ಯತ್ಯಾಸ. ಅದಕ್ಕೇ ಲ್ಯಾಬಿನವರು ಒಂದೊಂದು ಅಂಕಿಗೂ ಅಷ್ಟು ಬಡಿದಾಡುವುದು.

ವಜ್ರಮೊನೆ

ಲೋಹದ ಹೈಡ್ರೋಜನ್ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರದ್ದು. ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಬಿಸಿಯಾದ, ದ್ರವವಾದ ಲೋಹದ ಹೈಡ್ರೋಜನ್ ಒಂದು. ತಣ್ಣಗಿನ, ಗಟ್ಟಿಯಾದ ಲೋಹದ ಹೈಡ್ರೋಜನ್ ಇನ್ನೊಂದು. ಗುರು ಗ್ರಹದಲ್ಲಿರುವುದು ಮೊದಲನೆಯದು. ಜಗಳ ಜಾಸ್ತಿ ನಡೆದಿರುವುದು ಎರಡನೆಯದರ ಮೇಲೆ.

1935ರಲ್ಲಿ ವಿಗ್ನರ್ ಮತ್ತು ಹಂಟಿಂಗ್ಟನ್ ಎರಡೂವರೆ ಲಕ್ಷ ಪಟ್ಟು ಒತ್ತಡ ಸಾಕು, ಹೈಡ್ರೋಜನ್ ಲೋಹವಾಗುತ್ತದೆ ಎಂದು ಲೆಕ್ಕ ಹಾಕಿದರು. ಲೋಹವಾಗುತ್ತದೆ ಎಂದದ್ದು ಸರಿ, ಅಂಕಿ ಮಾತ್ರ ತುಂಬಾ ಕಡಿಮೆಯಾಯಿತು. 1996ರಲ್ಲಿ ಲಿವರ್‌ಮೋರ್‌ನಲ್ಲಿ ವಿಯರ್, ಮಿಚೆಲ್ ಮತ್ತು ನೆಲ್ಲಿಸ್ ಗ್ಯಾಸ್ ಗನ್‌ನಿಂದ ತಗಡೊಂದನ್ನು ಹಾರಿಸಿ ದ್ರವ ಹೈಡ್ರೋಜನ್‌ಗೆ ಹೊಡೆದರು. ಎರಡು ಗಟ್ಟಿ ಗೋಡೆಗಳ ನಡುವೆ ಆಘಾತ ಹಿಂದೆ ಮುಂದೆ ಪುಟಿಯುವ ಹಾಗೆ ಜೋಡಿಸಿದ್ದರು. ಅದರಿಂದ ಬಿಸಿ ಹದದಲ್ಲಿ ಉಳಿಯಿತು. 14 ಲಕ್ಷ ಪಟ್ಟು ಒತ್ತಡ, ಸುಮಾರು 3,000 ಡಿಗ್ರಿ. ಒಳಗೆ ತಂತಿ ಇಟ್ಟು ಅಳೆದರೆ ಹೈಡ್ರೋಜನ್ ಲೋಹದ ಹಾಗೆ ವಿದ್ಯುತ್ ಹರಿಸುತ್ತಿತ್ತು. ಅದು ಒಂದು ಮೈಕ್ರೋಸೆಕೆಂಡೂ ಉಳಿಯಲಿಲ್ಲ. ಆದರೆ ನೀವು ತರಗತಿಯಲ್ಲಿ ಹೇಳಿದ ಮಾತಿಗೆ ಆಧಾರ ಅದೇ. ಗುರು ಗ್ರಹದಲ್ಲಿ ಮೋಡಗಳಿಂದ ಕೆಲವು ಸಾವಿರ ಕಿಲೋಮೀಟರ್ ಇಳಿದರೆ ಇಂಥದ್ದೇ ಸ್ಥಿತಿ. ಅಷ್ಟು ದೊಡ್ಡ ಕಾಂತಕ್ಷೇತ್ರ ಹುಟ್ಟುವುದು ಈ ವಿದ್ಯುತ್ ಹರಿಸುವ ದ್ರವದಿಂದಲೇ.

ಆಮೇಲೆ 2015ರಲ್ಲಿ ಝಡ್ ಯಂತ್ರದವರು ದ್ರವ ಲೋಹವಾಗಲು ಸುಮಾರು 30 ಲಕ್ಷ ಪಟ್ಟು ಒತ್ತಡ ಬೇಕು ಎಂದರು, 2018ರಲ್ಲಿ 192 ಲೇಸರ್‌ನವರು ಸುಮಾರು 20 ಲಕ್ಷ ಎಂದರು. ಎರಡೂ ಕಡೆ ಡ್ಯುಟೀರಿಯಂ. 2018ರ ಶಾಟ್‌ಗಳಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಡ್ಯುಟೀರಿಯಂ ಮೊದಲು ಕಪ್ಪಾಗುತ್ತದೆ, ಬೆಳಕನ್ನು ನುಂಗುತ್ತದೆ. ಒತ್ತಡ ಇನ್ನೂ ಏರಿದ ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಪಾರದರ್ಶಕ, ಆಮೇಲೆ ಕಪ್ಪು, ಆಮೇಲೆ ಹೊಳಪು. ನ್ಯಾನೋಸೆಕೆಂಡುಗಳಲ್ಲಿ ಇಷ್ಟನ್ನೂ ಹಂತ ಹಂತವಾಗಿ ಕಾಣಲು ಸಾಧ್ಯವಾಯಿತು.

ಇನ್ನು ಗಟ್ಟಿಯಾದದ್ದು. 2017ರಲ್ಲಿ ಹಾರ್ವರ್ಡ್‌ನ ಇಬ್ಬರು 49.5 ಲಕ್ಷ ಪಟ್ಟಿನಲ್ಲಿ ಹೊಳೆಯುವ ಹೈಡ್ರೋಜನ್ ಕಂಡೆವು ಎಂದು ಪ್ರಕಟಿಸಿದರು. ಒಂದೇ ಸೆಲ್, ಒಂದೇ ಸಲ. ಮುಂದಿನ ಅಳತೆಯ ಹೊತ್ತಿಗೆ ವಜ್ರ ಒಡೆದು ಸ್ಯಾಂಪಲ್ ಕಾಣೆಯಾಯಿತು. ಒತ್ತಡ ಅಳೆದ ಬಗೆಯ ಮೇಲೂ, ಹೊಳಪು ಹೈಡ್ರೋಜನ್‌ದೇ ಹೌದಾ ಎನ್ನುವುದರ ಮೇಲೂ ಬೇರೆ ಗುಂಪುಗಳು ಆಕ್ಷೇಪ ಎತ್ತಿದವು. ಒಡೆದ ವಜ್ರದ ನೋವು ನನಗೆ ಚೆನ್ನಾಗಿ ಗೊತ್ತು. ಆದರೂ ಒಂದು ಸಲ ಕಂಡದ್ದನ್ನು ಮತ್ತೆ ತೋರಿಸುವ ತನಕ ಕಾಯಬೇಕು ಎಂದೇ ನನ್ನ ಅಭಿಪ್ರಾಯ. 2020ರಲ್ಲಿ ಫ್ರಾನ್ಸಿನ ತಂಡವೊಂದು ಸೊಲೇಲ್ ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರದಿಂದ ಬರುವ ಪ್ರಖರ ಅವಗೆಂಪು ಬೆಳಕನ್ನು ಬಳಸಿತು. 42.5 ಲಕ್ಷ ಪಟ್ಟಿನ ಹತ್ತಿರ ಹೈಡ್ರೋಜನ್ ಆ ಬೆಳಕನ್ನು ಇದ್ದಕ್ಕಿದ್ದ ಹಾಗೆ ತಡೆಹಿಡಿಯಿತು. ಒತ್ತಡ ಇಳಿಸಿದಾಗ ಮತ್ತೆ ಬಿಟ್ಟಿತು. ಹೀಗೆ ಹಿಂದಕ್ಕೂ ಮುಂದಕ್ಕೂ ಹೋಗಿ ತೋರಿಸಿದ್ದು ನನಗೆ ಜಾಸ್ತಿ ಗಟ್ಟಿ ಅನಿಸುತ್ತದೆ. ಅಲ್ಲೂ ನೇರವಾಗಿ ವಿದ್ಯುತ್ ಹರಿಸಿ ಅಳೆದಿಲ್ಲ.

ಇಷ್ಟೆಲ್ಲ ಆದ ಮೇಲೂ ಶನಿ ಗ್ರಹದ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇರುವುದಿಲ್ಲ. ಸೂರ್ಯನಿಂದ ಪಡೆಯುವುದರ ಎರಡು ಪಟ್ಟಿಗೂ ಜಾಸ್ತಿ ಶಕ್ತಿಯನ್ನು ಶನಿ ಹೊರಗೆ ಬಿಡುತ್ತದೆ. ಅದರ ವಯಸ್ಸಿಗೆ ಇಷ್ಟು ಹೊತ್ತಿಗೆ ಇನ್ನೂ ಆರಿರಬೇಕಿತ್ತು. ಒಳಗೆ ಹೀಲಿಯಂ ಹನಿಗಳು ಹೈಡ್ರೋಜನ್‌ನಿಂದ ಬೇರೆಯಾಗಿ ಕೆಳಕ್ಕೆ ಮಳೆಯ ಹಾಗೆ ಬೀಳುತ್ತಿವೆ, ಆ ಬೀಳುವಿಕೆಯ ಶಕ್ತಿಯೇ ಬಿಸಿಯಾಗುತ್ತಿದೆ ಎಂದು 1970ರ ದಶಕದಿಂದ ಹೇಳುತ್ತಿದ್ದರು. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಪುಟ್ಟ ಶೋಧಕ ಗುರು ಗ್ರಹದ ಗಾಳಿಯೊಳಗೆ ಇಳಿಯಿತು. ಸುಮಾರು 150 ಕಿಲೋಮೀಟರ್ ಇಳಿಯುವಷ್ಟರಲ್ಲಿ, ಒಂದು ಗಂಟೆಯ ಹತ್ತಿರ, ಬಿಸಿಗೆ ಸೋತಿತು. ಅಷ್ಟರಲ್ಲೇ ಎರಡು ಮಾತು ಹೇಳಿಹೋಯಿತು. ಮೇಲೆ ಹೀಲಿಯಂ ಇರಬೇಕಾದ್ದಕ್ಕಿಂತ ಕಡಿಮೆ. ನಿಯಾನ್ ಅಂತೂ ಹತ್ತರಲ್ಲೊಂದು ಪಾಲು. ನಿಯಾನ್ ಹೀಲಿಯಂ ಹನಿಯಲ್ಲಿ ಕರಗಿ ಅದರ ಜೊತೆ ಇಳಿದುಹೋಗುತ್ತದೆ ಎಂದು 2010ರಲ್ಲಿ ಲೆಕ್ಕ ತೋರಿಸಿತು.

ಹೈಡ್ರೋಜನ್ ಮತ್ತು ಹೀಲಿಯಂ ನಿಜವಾಗಿ ಬೇರೆಯಾಗುತ್ತವಾ ಎಂದು ಲ್ಯಾಬಿನಲ್ಲಿ ನೋಡಲು ಸೆಲ್‌ನವರೂ ಲೇಸರ್‌ನವರೂ ಒಂದಾಗಬೇಕಾಯಿತು. ಮೊದಲು ಎರಡೂ ಅನಿಲವನ್ನು ಬೆರೆಸಿ ಸೆಲ್‌ನಲ್ಲಿ 40,000 ಪಟ್ಟಿಗೆ ಒತ್ತಿದರು. ಹೀಗೆ ಮೊದಲೇ ಒತ್ತಿಟ್ಟರೆ ಆಮೇಲಿನ ಪೆಟ್ಟಿಗೆ ಬಿಸಿ ಕಡಿಮೆ ಏರುತ್ತದೆ. ಆಮೇಲೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಒಮೇಗಾ ಲೇಸರ್‌ನಿಂದ ಆ ಸೆಲ್‌ಗೇ ಹೊಡೆದರು. ಒಂದು ಶಾಟ್‌ಗೆ ಒಂದು ಸೆಲ್, ವಜ್ರ ಸಮೇತ ಪುಡಿ. ಹೊಳಪು ಏರುತ್ತಿದ್ದ ಬಗೆಯಲ್ಲಿ ಒಂದು ಕಡೆ ಜಿಗಿತ ಕಂಡಿತು. ಅಲ್ಲಿ ಎರಡೂ ಬೇರೆಯಾಗಿವೆ ಎಂದು ಅವರು ಅರ್ಥ ಮಾಡಿಕೊಂಡರು. 2021ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ದಿನ ನಾನು ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದ್ದೆ. ನಾವು ತಿಂಗಳುಗಟ್ಟಲೆ ಜೋಪಾನ ಮಾಡುತ್ತಿದ್ದ ವಜ್ರಗಳನ್ನು ಅವರು ಬೇಕೆಂದೇ ಕೊಟ್ಟು ಶನಿ ಗ್ರಹದ ಮಳೆಯನ್ನು ಹಿಡಿದಿದ್ದರು.

ಈಗ ನೋಡಿ, ಹೀಲಿಯಂ ಬೇರೆಯಾಗುತ್ತದಾ ಎನ್ನುವುದು ಪರಮಾಣುಗಳ ಪ್ರಶ್ನೆ, ನ್ಯಾನೋಸೆಕೆಂಡಿನಲ್ಲಿ ಕೇಳಬಹುದು. ಹನಿ ಎಷ್ಟು ದಪ್ಪ ಬೆಳೆಯುತ್ತದೆ, ಎಷ್ಟು ದೂರ ಬೀಳುತ್ತದೆ, ಕೋಟಿ ವರ್ಷಗಳಲ್ಲಿ ಗ್ರಹದ ಪದರಗಳು ಹೇಗೆ ಬದಲಾಗುತ್ತವೆ ಎನ್ನುವುದನ್ನು ಯಾವ ಲ್ಯಾಬೂ ನೇರವಾಗಿ ಕೇಳಲಾರದು. ಅದನ್ನು ಗುರುತ್ವ ಅವರಂಥವರು ಮಾದರಿಯಲ್ಲಿ ಕಟ್ಟಬೇಕು, ನೌಕೆ ಅಳೆದು ತಾಳೆ ನೋಡಬೇಕು.

ಸಂಜೆತಾರೆ

ಇವತ್ತು ಇದನ್ನೆಲ್ಲ ಓದಿ ಹೇಳಿದೆ. ಹೀಲಿಯಂ ಮಳೆ ಕೇಳಿ ಮಕ್ಕಳು ನೆಪ್ಚೂನ್‌ನ ವಜ್ರದ ಮಳೆ ನಿಜವಾ ಎಂದು ಕೇಳಿದರು. ಆ ಹುಡುಗಿ ತಕ್ಷಣ ಹೇಳಿದಳು: "ಅದು ಬೇಗ ಆಗುವ ಪ್ರಶ್ನೆಯಾ, ನಿಧಾನ ಆಗುವ ಪ್ರಶ್ನೆಯಾ?"

ವಜ್ರಮೊನೆ

ಅವಳಿಗೆ ನನ್ನ ಕಡೆಯಿಂದ ಒಂದು ದೊಡ್ಡ ಶಭಾಷ್ ಹೇಳಿ. ಅದರಲ್ಲಿ ಎರಡೂ ಇದೆ.

2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಸ್‌ಎಲ್‌ಎಸಿಯಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ಗೆ ಲೇಸರ್‌ನಿಂದ ಆಘಾತ ಕೊಟ್ಟು, ಎಕ್ಸ್‌ರೇ ಲೇಸರ್‌ನಿಂದ ಒಳಗೆ ನೋಡಿದರು. ಪ್ಲಾಸ್ಟಿಕ್ ಏಕೆಂದರೆ ಅದರಲ್ಲೂ ಕಾರ್ಬನ್ ಮತ್ತು ಹೈಡ್ರೋಜನ್ ಇವೆ, ನೆಪ್ಚೂನ್, ಯುರೇನಸ್ ಗ್ರಹಗಳ ಮೀಥೇನ್‌ನ ಹಾಗೆ. ಸುಮಾರು 15 ಲಕ್ಷ ಪಟ್ಟು ಒತ್ತಡದಲ್ಲಿ ವಜ್ರದ ಗುರುತು ಕಂಡಿತು. ಕಣಗಳು ಕೆಲವು ನ್ಯಾನೋಮೀಟರ್ ಅಷ್ಟೇ. 2022ರಲ್ಲಿ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್ ಇಟ್ಟು ನೋಡಿದರು. ಅದರಲ್ಲಿ ಆಮ್ಲಜನಕವೂ ಇದೆ, ಆ ಗ್ರಹಗಳಲ್ಲೂ ನೀರಿನ ರೂಪದಲ್ಲಿ ಇದೆ. ಅಲ್ಲೂ ವಜ್ರ ಬಂತು. 2024ರಲ್ಲಿ ಜರ್ಮನಿಯ ಯುರೋಪಿಯನ್ ಎಕ್ಸ್‌ಫೆಲ್ ಎಂಬ ಎಕ್ಸ್‌ರೇ ಲೇಸರ್ ಕೇಂದ್ರದಲ್ಲಿ ಆಘಾತದ ಬದಲು ನಮ್ಮ ಸೆಲ್‌ನಲ್ಲಿ ಒತ್ತಿ, ಎಕ್ಸ್‌ರೇಯಿಂದಲೇ ಕಾಯಿಸಿದ ಕೆಲಸ ಪ್ರಕಟವಾಯಿತು. ಅಲ್ಲಿ ಹೊತ್ತು ಜಾಸ್ತಿ ಸಿಗುತ್ತದೆ. ವಜ್ರ ಎಷ್ಟು ಒತ್ತಡದಲ್ಲಿ ಬಂತು ಗೊತ್ತಾ? ಎರಡು ಲಕ್ಷ ಪಟ್ಟಿಗಿಂತ ಸ್ವಲ್ಪ ಕಡಿಮೆಯಲ್ಲೇ! 15 ಲಕ್ಷ ಎಲ್ಲಿ, ಎರಡು ಲಕ್ಷ ಎಲ್ಲಿ. ಹೊತ್ತು ಕೊಟ್ಟರೆ ಕಾರ್ಬನ್ ಸುಲಭವಾಗಿ ಒಟ್ಟುಗೂಡುತ್ತದೆ. ಹಾಗಿದ್ದರೆ ಗ್ರಹದಲ್ಲಿ ಈ ಮಳೆ ನಾವು ಅಂದುಕೊಂಡದ್ದಕ್ಕಿಂತ ಮೇಲಿನ ಪದರದಿಂದಲೇ ಶುರುವಾಗಬಹುದು.

ಅವಳು ಮುಂದೆ ಇದನ್ನು ಕಲಿಯುವುದಾದರೆ ಯುರೇನಸ್ ಮೇಲೆ ಕಣ್ಣಿಡಲಿ. ಅಲ್ಲಿಗೆ ಈ ತನಕ ಹೋಗಿರುವುದು ವಾಯೇಜರ್ 2 ಮಾತ್ರ, 1986ರಲ್ಲಿ, ಅದೂ ಪಕ್ಕದಲ್ಲಿ ಹಾದುಹೋದದ್ದು. ಅದರ ಕಾಂತಕ್ಷೇತ್ರ 59 ಡಿಗ್ರಿ ವಾಲಿದೆ, ನಡುವಿನಿಂದ ಸರಿದೂ ಇದೆ. 2019ರಲ್ಲಿ ಒಮೇಗಾದಲ್ಲಿ ನೀರನ್ನು ಹತ್ತಾರು ಲಕ್ಷ ಪಟ್ಟು ಒತ್ತಿ ಕಂಡ ಒಂದು ವಿಚಿತ್ರ ಮಂಜುಗಡ್ಡೆ ಇದಕ್ಕೆ ಸುಳಿವು ಕೊಡುತ್ತದೆ. ಸಾವಿರಾರು ಡಿಗ್ರಿ ಬಿಸಿಯಲ್ಲೂ ಅದರ ಆಮ್ಲಜನಕ ಗಟ್ಟಿಯಾಗಿ ಸಾಲಾಗಿ ನಿಲ್ಲುತ್ತದೆ, ಹೈಡ್ರೋಜನ್ ಮಾತ್ರ ಅದರ ನಡುವೆ ದ್ರವದ ಹಾಗೆ ಹರಿಯುತ್ತದೆ. ಅಂಥ ಮಂಜುಗಡ್ಡೆ ಒಳಗೆ ತುಂಬಿದ್ದರೆ, ಕಾಂತಕ್ಷೇತ್ರ ಅದರ ಮೇಲಿನ ತೆಳು ದ್ರವ ಪದರದಲ್ಲೇ ಹುಟ್ಟಬೇಕು. ಹಾಗೆ ಹುಟ್ಟಿದರೆ ವಾಲಿಕೊಂಡೇ ಬರುತ್ತದೆ ಎಂದು ಮಾದರಿಗಳು ತೋರಿಸುತ್ತವೆ.

ಯುರೇನಸ್ ಸುತ್ತ ತಿರುಗುವ ನೌಕೆ, ಒಳಗೆ ಇಳಿಯುವ ಶೋಧಕ ಎರಡನ್ನೂ ಕಳಿಸಬೇಕು ಎಂದು 2022ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಳ ವರದಿ ದೊಡ್ಡ ಯೋಜನೆಗಳಲ್ಲಿ ಮೊದಲ ಸ್ಥಾನ ಕೊಟ್ಟು ಹೇಳಿದೆ. ಹೊರಟರೂ ತಲುಪಲು ವರ್ಷಗಳು ಬೇಕು. ಇವತ್ತು ಒಂಬತ್ತನೇ ತರಗತಿಯಲ್ಲಿರುವವರು ಆ ಡೇಟಾ ಬಿಡಿಸುವ ವಯಸ್ಸಿಗೆ ಸರಿಯಾಗಿ ಬಂದಿರುತ್ತಾರೆ. ಅವಳ ಮುಂದಿನ ಪ್ರಶ್ನೆಯನ್ನೂ ತಪ್ಪದೆ ಇಲ್ಲಿ ಹಾಕಿ.